ಗಂಟೆಯ ಸದ್ದಿಗೆ ಎದ್ದ ಊರು

ಅಮೆರಿಕದ ಬಾಸ್ಟನ್ ನಗರದ ನಾರ್ತ್ ಸ್ಟೇಷನ್‌ನಿಂದ ಹೊರಟ ರೈಲು ಸುಮಾರು ಮುಕ್ಕಾಲು ಗಂಟೆಯಲ್ಲಿ ಲೊವೆಲ್ ತಲುಪುತ್ತದೆ. ಮೆರಿಮ್ಯಾಕ್ ನದಿಯ ದಂಡೆಯ ಈ ಊರಿನಲ್ಲಿ ಪ್ರವಾಸಿಗನಿಗೆ ಮೊದಲು ಕಾಣುವುದು ಕಾಲುವೆಗಳು. ಬೀದಿಗಳ ಅಡಿಯಲ್ಲಿ, ಕಟ್ಟಡಗಳ ಬೆನ್ನಿಗೆ ಹರಿಯುವ ಇವುಗಳ ಒಟ್ಟು ಉದ್ದ ಸುಮಾರು 9 ಕಿಲೋಮೀಟರ್. ದಂಡೆಯ ಉದ್ದಕ್ಕೂ ಕೆಂಪು ಇಟ್ಟಿಗೆಯ ಬಹುಮಹಡಿ ಕಟ್ಟಡಗಳು. ಅವುಗಳಲ್ಲೊಂದರ ನೆತ್ತಿಯ ಮೇಲೆ ಗಡಿಯಾರದ ಗೋಪುರವಿದೆ. ಅದು ಬೂಟ್ ಹತ್ತಿ ಗಿರಣಿ. 1835ರಲ್ಲಿ ಆರಂಭವಾದ ಈ ಗಿರಣಿ ಈಗ ವಸ್ತುಸಂಗ್ರಹಾಲಯ.

ಕೆಳ ಅಂತಸ್ತಿನ ನೇಯ್ಗೆಯ ಹಜಾರಕ್ಕೆ ಹೋಗುವವರಿಗೆ ಕಿವಿಗೆ ಇಟ್ಟುಕೊಳ್ಳಲು ಬೆಂಡು ಕೊಡುತ್ತಾರೆ. ಅಲ್ಲಿ ಎಂಬತ್ತಕ್ಕೂ ಹೆಚ್ಚು ಯಂತ್ರಮಗ್ಗಗಳಿವೆ. ಕೆಲವನ್ನಷ್ಟೇ ಓಡಿಸಿ ತೋರಿಸಿದರೂ ಸಾಕು, ನೆಲ ನಡುಗುತ್ತದೆ. ಪಕ್ಕದವರ ಮಾತು ಕೇಳಿಸುವುದಿಲ್ಲ. ಇಂಥ ಸದ್ದಿನ ನಡುವೆ ದಿನಕ್ಕೆ ಹನ್ನೆರಡು ಗಂಟೆಗೂ ಮೀರಿ ದುಡಿದವರಲ್ಲಿ ಹೆಚ್ಚಿನವರು ಹಳ್ಳಿಗಳಿಂದ ಬಂದ ಹುಡುಗಿಯರು.

ನೆನಪಿನಲ್ಲಿ ತಂದ ಮಗ್ಗ

ಅಮೆರಿಕ ಸ್ವತಂತ್ರ ದೇಶವಾದಾಗ ಅದು ರೈತರ ಮತ್ತು ಹಡಗು ವ್ಯಾಪಾರಿಗಳ ನಾಡು. ಬಟ್ಟೆ ಒಂದೋ ಮನೆಯಲ್ಲಿ ನೇಯ್ದದ್ದು, ಇಲ್ಲವೇ ಕಡಲಾಚೆಯಿಂದ ಬಂದದ್ದು. ಬಂಗಾಳದ ಹತ್ತಿ ಬಟ್ಟೆಯೂ ಹಡಗುಗಳಲ್ಲಿ ಸೇಲಂ, ಬಾಸ್ಟನ್ ಬಂದರುಗಳಿಗೆ ಬರುತ್ತಿತ್ತು. ಆಗ ಯಂತ್ರಮಗ್ಗ ಇದ್ದದ್ದು ಇಂಗ್ಲೆಂಡಿನಲ್ಲಿ. ಯಂತ್ರವನ್ನಾಗಲಿ ಅದರ ನಕ್ಷೆಯನ್ನಾಗಲಿ ಹೊರಗೆ ಬಿಡಲು ಅಲ್ಲಿನ ಸರಕಾರ ಒಪ್ಪುತ್ತಿರಲಿಲ್ಲ. ಬಾಸ್ಟನ್ನಿನ ವ್ಯಾಪಾರಿ ಫ್ರಾನ್ಸಿಸ್ ಕ್ಯಾಬಟ್ ಲೊವೆಲ್ 1810ರಿಂದ 1812ರವರೆಗೆ ಬ್ರಿಟನ್ನಿನಲ್ಲಿದ್ದು, ಗಿರಣಿಗಳನ್ನು ಸುತ್ತಿ ನೋಡಿ, ಕಂಡದ್ದನ್ನು ತಲೆಯಲ್ಲಿಟ್ಟುಕೊಂಡು ಮರಳಿದ. ಪಾಲ್ ಮೂಡಿ ಎಂಬ ಕುಶಲಿಯ ನೆರವಿನಿಂದ ವಾಲ್ತಮ್ ಎಂಬಲ್ಲಿ ಮಗ್ಗ ಕಟ್ಟಿಸಿದ. ಹತ್ತಿಯಿಂದ ಬಟ್ಟೆಯವರೆಗಿನ ಎಲ್ಲ ಕೆಲಸವೂ ಒಂದೇ ಸೂರಿನಡಿ ನಡೆಯತೊಡಗಿತು.

ಮಗ್ಗದ ಜೊತೆ ಕಾನೂನೂ ಬೇಕಿತ್ತು. 1816ರ ಸುಂಕದ ಕಾಯಿದೆ ಹೊರನಾಡಿನ ಹತ್ತಿ ಬಟ್ಟೆ ಎಷ್ಟೇ ಅಗ್ಗವಾಗಿದ್ದರೂ ಅದರ ಬೆಲೆಯನ್ನು ಚದರ ಗಜಕ್ಕೆ 25 ಸೆಂಟ್ ಎಂದೇ ಎಣಿಸಿ ತೆರಿಗೆ ಹಾಕಿತು. ಇದರಿಂದ ಹೆಚ್ಚು ಪೆಟ್ಟು ಬಿದ್ದದ್ದು ಭಾರತದ ಅಗ್ಗದ ಬಟ್ಟೆಗೆ. ಆ ಕಾಯಿದೆಯ ಪರವಾಗಿ ವಾಷಿಂಗ್ಟನ್ನಿಗೆ ಹೋಗಿ ಓಡಾಡಿದವರಲ್ಲಿ ಲೊವೆಲ್ ಕೂಡ ಒಬ್ಬ. ಮರುವರ್ಷವೇ ಆತ ತೀರಿಕೊಂಡ. ಮೆರಿಮ್ಯಾಕ್ ನದಿ ಹತ್ತು ಮೀಟರಿನಷ್ಟು ಇಳಿಯುವ ಪಾಟಕೆಟ್ ಜಲಪಾತದ ಬಳಿ ಅವನ ಪಾಲುದಾರರು ಊರು ಕಟ್ಟಿ ಅವನದೇ ಹೆಸರಿಟ್ಟರು. 1823ರಲ್ಲಿ ಮೊದಲ ಗಿರಣಿಯ ಚಕ್ರ ತಿರುಗಿತು. ಕೆಲವೇ ರೈತ ಕುಟುಂಬಗಳಿದ್ದ ಜಾಗದಲ್ಲಿ 1840ರ ಹೊತ್ತಿಗೆ 20,796 ಮಂದಿ ನೆಲೆಸಿದ್ದರು.

ಮಗಳನ್ನು ಕಳುಹಿಸುವುದೇ?

ಇಂಗ್ಲೆಂಡಿನ ಮ್ಯಾಂಚೆಸ್ಟರಿನಂಥ ಕೊಳಕು, ಬಡತನ ತಮ್ಮ ಗಣರಾಜ್ಯಕ್ಕೆ ಬೇಡವೆಂಬುದು ಗಿರಣಿ ಒಡೆಯರ ಮಾತಾಗಿತ್ತು. ಹಳ್ಳಿಯ ಅವಿವಾಹಿತ ಹುಡುಗಿಯರನ್ನು ಕರೆತಂದು ಕೆಲವು ವರ್ಷ ದುಡಿಸಿ ಮನೆಗೆ ಕಳುಹಿಸಿದರೆ ಕಾಯಂ ಕೂಲಿಗಳ ವರ್ಗವೇ ಹುಟ್ಟದೆಂದು ಅವರು ಲೆಕ್ಕ ಹಾಕಿದ್ದರು. ಆದರೆ ತಂದೆತಾಯಿ ನಂಬಬೇಕಲ್ಲ? ಅದಕ್ಕಾಗಿ ಕಂಪೆನಿಗಳು ವಸತಿಗೃಹಗಳನ್ನು ಕಟ್ಟಿಸಿದವು. ಮೇಲ್ವಿಚಾರಣೆಗೆ ಹಿರಿಯ ಹೆಂಗಸರು, ಹೆಚ್ಚಾಗಿ ವಿಧವೆಯರು. ರಾತ್ರಿ ಹತ್ತಕ್ಕೆ ಬಾಗಿಲು ಬಂದ್. ಭಾನುವಾರ ಚರ್ಚಿಗೆ ಹೋಗುವುದು ಕಡ್ಡಾಯ. ಬೂಟ್ ಗಿರಣಿಯ ಅಂಥ ಒಂದು ವಸತಿಗೃಹವನ್ನು ಈಗಲೂ ನೋಡಬಹುದು. ಉದ್ದನೆಯ ಊಟದ ಮೇಜು, ಮಹಡಿಯ ಕೋಣೆಯಲ್ಲಿ ಒತ್ತೊತ್ತಾಗಿ ಹಾಕಿದ ಮಂಚಗಳು. ಒಂದೊಂದು ಮಂಚದಲ್ಲಿ ಇಬ್ಬರು.

ಬೇಸಿಗೆಯಲ್ಲಿ ಮುಂಜಾನೆ ಐದಕ್ಕೆ ಕೆಲಸ ಶುರು, ಸಂಜೆ ಏಳಕ್ಕೆ ಮುಕ್ತಾಯ. ನಡುವೆ ಊಟ, ತಿಂಡಿಗೆ ಅರ್ಧ, ಮುಕ್ಕಾಲು ಗಂಟೆಯ ಬಿಡುವು. ಏಳುವುದು, ಉಣ್ಣುವುದು ಎಲ್ಲವೂ ಗಂಟೆಯ ಸದ್ದಿಗೆ. ಆದರೂ ಹುಡುಗಿಯರು ಬಂದರು. ಊಟ, ವಸತಿಯ ಖರ್ಚು ಕಳೆದು ಕೈಗೆ ಬರುತ್ತಿದ್ದ ವಾರದ ಒಂದೆರಡು ಡಾಲರ್ ಅವರದೇ ದುಡ್ಡು. ಕೆಲವರು ಮನೆಯ ಸಾಲ ತೀರಿಸಿದರು, ಕೆಲವರು ಅಣ್ಣತಮ್ಮಂದಿರನ್ನು ಕಾಲೇಜಿನಲ್ಲಿ ಓದಿಸಿದರು. ಸಂಜೆ ಉಪನ್ಯಾಸ ಕೇಳಿದರು, ವಾಚನಾಲಯದಿಂದ ಪುಸ್ತಕ ತಂದು ಓದಿದರು. 1840ರಲ್ಲಿ ‘ಲೊವೆಲ್ ಆಫರಿಂಗ್’ ಎಂಬ ಪತ್ರಿಕೆಯನ್ನು ತಾವೇ ಬರೆದು ತುಂಬಿಸಿದರು. 1842ರಲ್ಲಿ ಇಲ್ಲಿಗೆ ಬಂದ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಇದನ್ನೆಲ್ಲ ಕಂಡು ಮೆಚ್ಚಿದ್ದ.

ಹನ್ನೊಂದರ ಹುಡುಗಿ

ಹ್ಯಾರಿಯೆಟ್ ಹ್ಯಾನ್ಸನ್‌ಳ ತಾಯಿ ನಾಲ್ವರು ಮಕ್ಕಳ ವಿಧವೆ. ಲೊವೆಲ್‌ಗೆ ಬಂದು ವಸತಿಗೃಹ ನೋಡಿಕೊಳ್ಳುತ್ತಿದ್ದಳು. ಹತ್ತನೆಯ ವಯಸ್ಸಿಗೆ ಹ್ಯಾರಿಯೆಟ್ ಗಿರಣಿ ಸೇರಿ, ನೂಲು ತುಂಬಿದ ಬಾಬಿನ್ ತೆಗೆದು ಖಾಲಿ ಬಾಬಿನ್ ಇಡುವ ಕೆಲಸಕ್ಕೆ ನಿಂತಳು. 1834ರಲ್ಲಿ ಒಡೆಯರು ಕೂಲಿ ಇಳಿಸಿದಾಗ ಹುಡುಗಿಯರು ಮುಷ್ಕರ ಹೂಡಿ ಸೋತಿದ್ದರು. 1836ರಲ್ಲಿ ಊಟ, ವಸತಿಯ ಹೊರೆಯನ್ನು ಇನ್ನಷ್ಟು ಅವರ ಮೇಲೆ ಹಾಕಿದಾಗ ಸಾವಿರಕ್ಕೂ ಹೆಚ್ಚು ಮಂದಿ ಮತ್ತೆ ಹೊರನಡೆದರು. ತಾವು ಸ್ವತಂತ್ರ ಪ್ರಜೆಗಳ ಮಕ್ಕಳು, ಗುಲಾಮರಲ್ಲ ಎಂಬುದು ಅವರ ವಾದ. ಅಜ್ಜಂದಿರು ಬ್ರಿಟಿಷ್ ದೊರೆಗೆ ಹೇಳಿದ ಮಾತನ್ನು ಮೊಮ್ಮಕ್ಕಳು ಗಿರಣಿ ಒಡೆಯರಿಗೆ ಹೇಳಿದ್ದರು.

ಹ್ಯಾರಿಯೆಟ್‌ಳ ಕೋಣೆಯಲ್ಲಿ ಹಿರಿಯ ಹುಡುಗಿಯರು ಹೋಗುವುದೋ ಬೇಡವೋ ಎಂದು ಅಳೆದು ಸುರಿಯುತ್ತಿದ್ದರು. ಹನ್ನೊಂದರ ಈ ಹುಡುಗಿ ತಾನೇ ಮೊದಲು ಹೊರಟಳು. ತಿರುಗಿ ನೋಡಿದಾಗ ಹಿಂದೆ ಉದ್ದನೆಯ ಸಾಲು. ಇದರ ಬೆಲೆ ತೆತ್ತವಳು ತಾಯಿ. ದೊಡ್ಡ ಹುಡುಗಿಯರನ್ನು ತಡೆಯಲಾಗದಿದ್ದರೂ ಸ್ವಂತ ಮಗಳನ್ನಾದರೂ ಹಿಡಿತದಲ್ಲಿಡಬಹುದಿತ್ತಲ್ಲ ಎಂದು ಹೇಳಿ ಗಿರಣಿಯ ಅಧಿಕಾರಿ ಅವಳನ್ನು ಕೆಲಸದಿಂದ ತೆಗೆದ. ಹ್ಯಾರಿಯೆಟ್ 1898ರಲ್ಲಿ ಬರೆದ ನೆನಪುಗಳಲ್ಲಿ ಈ ಎರಡನ್ನೂ ದಾಖಲಿಸಿದ್ದಾಳೆ.

ಮುಷ್ಕರದ ನಂತರ ಅರ್ಜಿಯ ದಾರಿ. ಸಾರಾ ಬ್ಯಾಗ್ಲಿಯ ಮುಂದಾಳುತನದಲ್ಲಿ ಕೆಲಸಗಾರ್ತಿಯರು ಹತ್ತು ಗಂಟೆಯ ದಿನಕ್ಕಾಗಿ ಮ್ಯಾಸಚೂಸೆಟ್ಸ್ ಶಾಸನಸಭೆಗೆ ಅರ್ಜಿ ಹಾಕಿದರು. 1845ರಲ್ಲಿ ಸಭೆಯ ಸಮಿತಿ ಅವರ ಹೇಳಿಕೆ ಕೇಳಿತು, ಬೇಡಿಕೆಯನ್ನು ಮಾತ್ರ ಒಪ್ಪಲಿಲ್ಲ. ಆ ದಶಕಗಳಲ್ಲಿ ಆಸ್ತಿಯಿಲ್ಲದ ಬಿಳಿಯ ಗಂಡಸರಿಗೂ ರಾಜ್ಯದಿಂದ ರಾಜ್ಯಕ್ಕೆ ಮತದ ಹಕ್ಕು ದೊರೆಯುತ್ತಿತ್ತು. ಅರ್ಜಿಗೆ ಸಹಿ ಹಾಕಿದ ಹೆಂಗಸರಿಗೆ ಅದಿರಲಿಲ್ಲ. ಹತ್ತು ಗಂಟೆಯ ಕಾಯಿದೆ ಬಂದದ್ದು 1874ರಲ್ಲಿ. ದೇಶದಾದ್ಯಂತ ಮಹಿಳೆಗೆ ಮತದ ಹಕ್ಕು ಸಿಕ್ಕಿದ್ದು 1920ರಲ್ಲಿ. ಅದಕ್ಕಾಗಿ ದುಡಿದ ಹ್ಯಾರಿಯೆಟ್ 1911ರಲ್ಲೇ ತೀರಿಕೊಂಡಿದ್ದಳು.

ಗಿರಣಿಯಲ್ಲಿ ಇನ್ನೊಂದು ಕಥೆಯೂ ಇದೆ. ಮಗ್ಗಕ್ಕೆ ಬರುತ್ತಿದ್ದ ಹತ್ತಿಯನ್ನು ದಕ್ಷಿಣದ ರಾಜ್ಯಗಳಲ್ಲಿ ಬೆಳೆದು ಬಿಡಿಸುತ್ತಿದ್ದವರು ಕರಿಯ ಗುಲಾಮರು. ಇಲ್ಲಿ ನೇಯ್ದ ಒರಟು ಬಟ್ಟೆಯ ಒಂದು ಪಾಲು ಅವರ ಮೈಗೇ ಮರಳಿ ಹೋಗುತ್ತಿತ್ತು. ಆ ಬಟ್ಟೆಗೆ ‘ಲೊವೆಲ್’ ಎಂದೇ ಹೆಸರಿತ್ತು. ಗುಲಾಮರಲ್ಲವೆಂದು ಬೀದಿಗಿಳಿದ ಹುಡುಗಿಯರ ಕೂಲಿ ನಿಂತದ್ದೂ ಗುಲಾಮರ ದುಡಿಮೆಯ ಮೇಲೆಯೇ.

ಮುಂದೆ ಹಳ್ಳಿಯ ಹುಡುಗಿಯರ ಜಾಗಕ್ಕೆ ಐರ್ಲೆಂಡಿನಿಂದ, ಬಳಿಕ ಬೇರೆ ನಾಡುಗಳಿಂದ ವಲಸೆ ಬಂದವರು ಸೇರಿದರು. ಬೂಟ್ ಗಿರಣಿ 1955ರಲ್ಲಿ ಮುಚ್ಚಿತು. 1978ರಲ್ಲಿ ಅಮೆರಿಕ ಸರಕಾರ ಇಲ್ಲಿ ರಾಷ್ಟ್ರೀಯ ಐತಿಹಾಸಿಕ ಉದ್ಯಾನವನ್ನು ಸ್ಥಾಪಿಸಿತು. ಶಾಲೆಯ ಮಕ್ಕಳನ್ನು ಇಲ್ಲಿಗೆ ಕರೆತಂದು ಪುಟ್ಟ ಮಗ್ಗದಲ್ಲಿ ನೇಯಲು ಕಲಿಸುತ್ತಾರೆ. ಹ್ಯಾರಿಯೆಟ್ ಕೆಲಸಕ್ಕೆ ಸೇರಿದ ವಯಸ್ಸಿನವರೂ ಅವರಲ್ಲಿರುತ್ತಾರೆ. ಪಾಠ ಮುಗಿದ ಮೇಲೆ ಅವರು ಬಸ್ಸು ಹತ್ತಿ ಶಾಲೆಗೆ ಮರಳುತ್ತಾರೆ.