ಟವರ್ ಮೇಲೊಬ್ಬ ಇದ್ದಾನೆ!

ಬಂದೂಕಿನ ಆಟಗಳಲ್ಲಿ ಗುಂಡು ಹೊಡೆಯುವುದು ಸುಲಭ, ನೋಡುವುದು ಕಷ್ಟ. ಎಲ್ಲ ಆಟಕ್ಕೂ ಈ ಮಾತು ಒಪ್ಪುತ್ತದೆ ಅಂತ ಹೇಳಲಾರೆ; ‘ಪ್ರಾಜೆಕ್ಟ್ ಐಜಿಐ’ಗಂತೂ ನೂರಕ್ಕೆ ನೂರು ಒಪ್ಪುತ್ತದೆ. ಎರಡು ಸಾವಿರನೇ ಇಸವಿಯ ಆಸುಪಾಸಿನಲ್ಲಿ ಮನೆಗೆ ಕಂಪ್ಯೂಟರ್ ಬಂದ ಯಾವ ಹುಡುಗನನ್ನಾದರೂ, ಅಂದರೆ ಈಗ ತಲೆ ನೆರೆಯಲು ಶುರುವಾದ ಯಾವ ಗೃಹಸ್ಥನನ್ನಾದರೂ ಕೇಳಿ ನೋಡಿ. ‘ಐಜಿಐ’ ಅಂದ ತಕ್ಷಣ ಕುರ್ಚಿಯಲ್ಲಿ ನೆಟ್ಟಗಾಗುತ್ತಾನೆ. ಹುಬ್ಬಳ್ಳಿಯವನಾದರೂ ಅಷ್ಟೇ, ಪುತ್ತೂರಿನವನಾದರೂ ಅಷ್ಟೇ. ಹೆಚ್ಚಿನ ಮನೆಗಳಿಗೆ ಅದು ಗೆಳೆಯರ ಸಿ.ಡಿ.ಯ ಮೂಲಕವೇ ಬಂದದ್ದು.

ಆಟ ಹೊರಬಂದದ್ದು 2000ದ ಡಿಸೆಂಬರಿನಲ್ಲಿ. ಮಾಡಿದವರು ನಾರ್ವೆಯ ಇನ್ನರ್‌ಲೂಪ್ ಸ್ಟುಡಿಯೋಸ್, ಮಾರುಕಟ್ಟೆಗೆ ತಂದದ್ದು ಐಡೋಸ್. ಡೇವಿಡ್ ಜೋನ್ಸ್ ಅನ್ನೋ ಮಾಜಿ ಎಸ್‌ಎಎಸ್ ಸೈನಿಕ ಹಳೇ ಸೋವಿಯತ್ ಸೀಮೆಯ ಸೇನಾ ನೆಲೆಗಳಿಗೆ ಒಬ್ಬನೇ ನುಗ್ಗುತ್ತಾನೆ. ಕಿವಿಯಲ್ಲಿ ಆನ್ಯಾ ಅನ್ನುವವಳ ದನಿ ಆದೇಶ ಕೊಡುತ್ತಿರುತ್ತದೆ. ಪ್ರಿಬೋಯಿ ಅನ್ನೋ ಶಸ್ತ್ರಾಸ್ತ್ರ ವ್ಯಾಪಾರಿ ಬರುತ್ತಾನೆ, ಅಣುಬಾಂಬಿನ ಬೆದರಿಕೆ ಬರುತ್ತದೆ. ಕತೆ ಇಷ್ಟೇ ಸಾಕು. ನಮ್ಮಲ್ಲಿ ಯಾರೂ ಅದನ್ನು ಕತೆಗಾಗಿ ಆಡಲಿಲ್ಲ.

ನಾವು ಆಡಿದ್ದು ಆ ಬಯಲಿಗಾಗಿ. 1993ರ ‘ಡೂಮ್’ನಿಂದ ಹಿಡಿದು ಆ ಕಾಲದ ಬಹುಪಾಲು ಶೂಟಿಂಗ್ ಆಟಗಳು ಓಣಿ, ಕೋಣೆ, ಬಾಗಿಲುಗಳ ಒಳಗೇ ನಡೆಯುತ್ತಿದ್ದವು. ಅದಕ್ಕೆ ಕಾರಣವೂ ಇತ್ತು. ಗೋಡೆ ಅಡ್ಡ ಇದ್ದರೆ ಅದರಾಚೆ ಇರುವುದನ್ನು ಕಂಪ್ಯೂಟರ್ ಚಿತ್ರಿಸಬೇಕಾಗಿಲ್ಲ. ಬಡ ಪ್ರೊಸೆಸರಿಗೆ ಅಷ್ಟು ಹೊರೆ ಕಡಿಮೆ. ಬಯಲು ತೋರಿಸಬೇಕೆಂದರೆ ಬೆಟ್ಟ, ಮರ, ಕಟ್ಟಡ, ಮನುಷ್ಯ ಎಲ್ಲವನ್ನೂ ಒಟ್ಟಿಗೇ ಬರೆಯಬೇಕು. ಅದಕ್ಕೇ ಕೆಲವರು ಸ್ವಲ್ಪ ದೂರದಾಚೆ ಮಂಜು ಹರಡಿ ಮುಚ್ಚಿಬಿಡುತ್ತಿದ್ದರು. ಇನ್ನರ್‌ಲೂಪ್‌ನವರು ಐಜಿಐಗೂ ಮೊದಲು ‘ಜಾಯಿಂಟ್ ಸ್ಟ್ರೈಕ್ ಫೈಟರ್’ ಅನ್ನೋ ಯುದ್ಧವಿಮಾನದ ಆಟ ಮಾಡಿದ್ದವರು. ವಿಮಾನ ಹಾರಿಸುವವನಿಗೆ ಮೈಲಿಗಟ್ಟಲೆ ನೆಲ ಕಾಣಲೇಬೇಕು. ಆ ಆಟದ ಸಾಫ್ಟ್‌ವೇರ್ ಎಂಜಿನ್ನನ್ನೇ ತಂದು ಅದರ ನೆಲದ ಮೇಲೆ ಒಬ್ಬ ಮನುಷ್ಯನನ್ನು ನಡೆಸಿದರು. ಹಾಗಾಗಿ ಐಜಿಐನಲ್ಲಿ ಬೇಲಿ ಮುಗಿದಲ್ಲಿ ಭೂಮಿ ಮುಗಿಯುವುದಿಲ್ಲ. ನೆಲೆಯ ಸುತ್ತ ಬೆಟ್ಟಗಳು ಹಬ್ಬಿಕೊಂಡಿರುತ್ತವೆ. ಬೇಕೆಂದರೆ ಅವನ್ನು ಬಳಸಿಕೊಂಡು ಹಿಂದಿನಿಂದ ಬರಬಹುದು. ಓಣಿಯ ಆಟಗಳಲ್ಲಿ ದಾರಿ ಇರುವುದು ಒಂದೇ, ಅದನ್ನು ಮಾಡಿದವರೇ ತೋರಿಸಿಬಿಡುತ್ತಾರೆ. ಇಲ್ಲಿ ದಾರಿ ಹುಡುಕುವ ಕೆಲಸ ನಮ್ಮದು.

ಹೀಗೆ ಹೇಳಿದರೆ ಏನೋ ಸ್ವಾತಂತ್ರ್ಯ ಅನ್ನಿಸೀತು. ಆಡಿದವರಿಗೆ ಗೊತ್ತು, ಬಯಲು ಅಂದರೆ ಭಯ. ಓಣಿಯಲ್ಲಿ ಶತ್ರು ಎದುರಿನಿಂದ ಬರುತ್ತಾನೆ, ಹೆಚ್ಚೆಂದರೆ ಹಿಂದಿನಿಂದ. ಬಯಲಿನಲ್ಲಿ ನೀವು ಅವನನ್ನು ನೋಡುವಷ್ಟೇ ಸುಲಭವಾಗಿ ಅವನೂ ನಿಮ್ಮನ್ನು ನೋಡುತ್ತಾನೆ. ಕಾವಲು ಟವರಿನ ಮೇಲೆ ಸ್ನೈಪರ್ ಹಿಡಿದು ನಿಂತವನಂತೂ ನಿಮಗಿಂತ ಮೊದಲೇ ನೋಡಿರುತ್ತಾನೆ. ಕಂಬದ ಮೇಲಿನ ಕ್ಯಾಮೆರಾದ ಕಣ್ಣಿಗೆ ಬಿದ್ದರೆ ಸೈರನ್ ಕೂಗುತ್ತದೆ, ಬ್ಯಾರಕ್ಕಿನಿಂದ ಸೈನಿಕರು ಹೊರಬೀಳುತ್ತಾರೆ. ನಾಲ್ಕಾರು ಗುಂಡು ತಾಗಿದರೆ ಜೋನ್ಸ್ ಸತ್ತ.

ಸತ್ತರೆ ಮಿಷನ್ ಮೊದಲಿನಿಂದ. ಅಲ್ಲೇ ಇರುವುದು ಐಜಿಐನ ಜೀವ. ಅದರ ಹದಿನಾಲ್ಕು ಮಿಷನ್‌ಗಳಲ್ಲಿ ಯಾವುದರ ಮಧ್ಯೆಯೂ ಸೇವ್ ಮಾಡಲು ಬರುವುದಿಲ್ಲ. ಮುಕ್ಕಾಲು ಗಂಟೆ ತೆವಳಿ, ಕ್ಯಾಮೆರಾಗಳನ್ನು ಆರಿಸಿ, ಬೀಗ ಮುರಿದು, ಇನ್ನೇನು ಮುಗಿಯಿತು ಅನ್ನುವಾಗ ಯಾವನೋ ಮೂಲೆಯಿಂದ ಹೊಡೆದರೂ ಮತ್ತೆ ಅದೇ ಬೆಟ್ಟದ ಬುಡ. ಅಂದಿನ ವಿಮರ್ಶಕರು ಇದನ್ನು ದೊಡ್ಡ ದೋಷ ಅಂತಲೇ ಬರೆದರು. 2003ರಲ್ಲಿ ಬಂದ ಎರಡನೆಯ ಭಾಗದಲ್ಲಿ ಲೆಕ್ಕದ ಸೇವ್‌ಗಳನ್ನು ಕೊಟ್ಟರು. ನನಗೆ ಮಾತ್ರ ಮೊದಲಿನದೇ ಸರಿ ಅನ್ನಿಸುತ್ತದೆ. ಸಾವಿಗೆ ಅಷ್ಟು ಬೆಲೆ ಇದ್ದದ್ದರಿಂದಲೇ ನಾವು ಪ್ರತಿಯೊಂದು ಗುಡ್ಡವನ್ನೂ ಗೋಡೆಯನ್ನೂ ಅಷ್ಟು ಹೊತ್ತು ನೋಡಿದ್ದು. ಜೆಕ್ ದೇಶದವರು 2001ರಲ್ಲಿ ಮಾಡಿದ ‘ಆಪರೇಷನ್ ಫ್ಲ್ಯಾಶ್‌ಪಾಯಿಂಟ್’ನಲ್ಲಿ ಮಿಷನ್ನಿಗೆ ಒಂದೇ ಸೇವ್ ಇತ್ತು. ಅದನ್ನು ಆಡಿದವರೂ ಇದೇ ಮಾತು ಹೇಳುತ್ತಾರೆ: ಆ ಒಂದು ಸೇವನ್ನು ಎಲ್ಲಿ ಖರ್ಚು ಮಾಡಬೇಕು ಅನ್ನೋ ಯೋಚನೆಯೇ ಆಟದ ಅರ್ಧ.

ನಮ್ಮ ಕಡೆ ಇದಕ್ಕೆ ಇನ್ನೊಂದು ಕಷ್ಟ ಸೇರಿಕೊಂಡಿತ್ತು, ಕರೆಂಟು. ಹಾಸನದ ದೊಡ್ಡಪ್ಪನ ಮನೆಯಲ್ಲಿ ಬೇಸಿಗೆ ರಜದ ಮಧ್ಯಾಹ್ನಗಳಲ್ಲಿ ಆಡುತ್ತಿದ್ದಾಗ ಇದ್ದಕ್ಕಿದ್ದಂತೆ ಫ್ಯಾನ್ ನಿಧಾನವಾಗುತ್ತಿತ್ತು. ಟೇಬಲ್ ಕೆಳಗಿನ ಯುಪಿಎಸ್ ಕುಯ್ಯೋ ಅಂತ ಕೂಗಲು ಶುರು ಮಾಡುತ್ತಿತ್ತು. ಅದರ ಹಳೇ ಬ್ಯಾಟರಿಯಲ್ಲಿ ಕೆಲವೇ ನಿಮಿಷದ ಜೀವ. ‘ಶಟ್‌ಡೌನ್ ಮಾಡ್ರೋ, ಹಾಳಾಗುತ್ತೆ’ ಅಂತ ದೊಡ್ಡಮ್ಮ ಅಡುಗೆಮನೆಯಿಂದ. ಮೌಸ್ ಹಿಡಿದ ಅಣ್ಣ ಅಲ್ಲಾಡುತ್ತಿರಲಿಲ್ಲ. ಅಷ್ಟು ಹೊತ್ತು ಹೆಜ್ಜೆಹೆಜ್ಜೆಗೂ ಬೈನಾಕ್ಯುಲರ್ ತೆಗೆಯುತ್ತಿದ್ದವನು ಆಗ ಎದ್ದು ಓಡಿಸುತ್ತಿದ್ದ. ಗೇಟು, ಅಂಗಳ, ಏಣಿ. ಸೈಲೆನ್ಸರ್ ಹಾಕಿದ ಎಂಪಿ5 ಬಿಟ್ಟು ಎಕೆ-47ನ್ನೇ ಎತ್ತಿಕೊಂಡು ಓಟ. ಬೀಪ್ ಬೀಪ್ ಬೇಗಬೇಗ ಬರತೊಡಗುತ್ತಿತ್ತು. ಒಂದೆರಡು ಸಲ ಗೆದ್ದದ್ದೂ ಉಂಟು. ಆಗಿನ ಕೂಗಿಗೆ ಪಕ್ಕದ ಮನೆಯವರು ಬಾಗಿಲಿಗೆ ಬಂದು ಏನಾಯ್ತು ಅಂತ ಕೇಳಿದ್ದರು.

ಮೇಲೆಲ್ಲ ‘ನಾವು’ ಅಂದೆನಲ್ಲ, ಅದರ ಬಗ್ಗೆ ಸ್ವಲ್ಪ ಹೇಳಬೇಕು. ಐಜಿಐ ಒಬ್ಬನೇ ಆಡುವ ಆಟ. ಅದರಲ್ಲಿ ಮಲ್ಟಿಪ್ಲೇಯರ್ ಇಲ್ಲವೇ ಇಲ್ಲ. ಇದನ್ನೂ ವಿಮರ್ಶಕರು ಕೊರತೆಗಳ ಪಟ್ಟಿಗೆ ಸೇರಿಸಿದ್ದಾರೆ. ನಮ್ಮ ಮನೆಗಳಲ್ಲಿ ಇದ್ದದ್ದು ಒಂದು ಕಂಪ್ಯೂಟರ್, ರಜಕ್ಕೆ ಬಂದ ಮಕ್ಕಳು ಮೂರು ನಾಲ್ಕು. ಒಬ್ಬ ಮೌಸ್ ಹಿಡಿದರೆ ಮಿಕ್ಕವರು ಸುತ್ತ ಸ್ಟೂಲು, ಮಂಚದ ಅಂಚು, ನೆಲ. ನೋಡುವುದೇ ಮಿಕ್ಕವರ ಕೆಲಸ. ‘ಅಣ್ಣ, ಬಲಗಡೆ ಟವರ್ ಮೇಲೊಬ್ಬ ಇದ್ದಾನೆ!’ ‘ಎಲ್ಲೋ?’ ‘ಅಲ್ಲೇ ಕಣೋ, ಲೈಟ್ ಕಂಬದ ಹಿಂದೆ!’ ಆಡುವವನ ಕಣ್ಣು ಬಂದೂಕಿನ ಗುರಿಗೆ ಅಂಟಿರುತ್ತದೆ. ಪರದೆಯ ಮೂಲೆಯಲ್ಲಿ ಅಲ್ಲಾಡಿದ ಕಪ್ಪು ಚುಕ್ಕಿ ಕಾಣುವುದು ನೆಲದ ಮೇಲೆ ಕೂತ ಚಿಕ್ಕವನಿಗೇ. ನಕ್ಷೆಯ ಕಂಪ್ಯೂಟರ್ ತೆರೆದರೆ ಉಪಗ್ರಹದಿಂದ ನೋಡಿದ ಹಾಗೆ ಇಡೀ ನೆಲೆ ಕಾಣುತ್ತದೆ, ಕಾವಲುಗಾರರು ಇರುವೆಗಳಂತೆ ಓಡಾಡುತ್ತಿರುತ್ತಾರೆ. ಒಬ್ಬ ಅವರ ಸುತ್ತು ಎಣಿಸುತ್ತಿದ್ದ, ಇನ್ನೊಬ್ಬ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಕ್ಯಾಮೆರಾ ಎಲ್ಲೆಲ್ಲಿದೆ ಅಂತ ಗುರುತು ಹಾಕುತ್ತಿದ್ದ. ನಾರ್ವೆಯವರು ಒಂಟಿ ಮನುಷ್ಯನಿಗೆ ಮಾಡಿಕೊಟ್ಟ ಆಟವನ್ನು ನಾವು ಗುಂಪು ಬೇಟೆಯಾಗಿ ಆಡಿದೆವು. ಇವತ್ತು ಇಂಟರ್‌ನೆಟ್ಟಿನಲ್ಲಿ ನೂರು ಜನ ಒಂದೇ ಮೈದಾನಕ್ಕೆ ಇಳಿಯುವ ಆಟಗಳಿವೆ. ಆದರೆ ನಾಲ್ಕು ಜೋಡಿ ಕಣ್ಣು ಒಂದೇ ಪರದೆಯ ಮೇಲೆ ನೆಟ್ಟು, ಒಂದೇ ಪ್ರಾಣಕ್ಕಾಗಿ ಹೆದರಿದ ಆ ಆಪ್ತತೆ ಅಲ್ಲಿ ನನಗೆ ಸಿಕ್ಕಿಲ್ಲ.

ಬೇಟೆ ಅಂದಾಗ ನೆನಪಾಯಿತು. ಅದೇ ರಜೆಗಳಲ್ಲಿ ನಾವು ಓದುತ್ತಿದ್ದದ್ದು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್‌ನ ಬೇಟೆ ಕತೆಗಳನ್ನು. ‘ಪೆದ್ದಚೆರುವಿನ ರಾಕ್ಷಸ’, ‘ಜಾಲಹಳ್ಳಿಯ ಕುರ್ಕ’. ಅವುಗಳಲ್ಲಿ ಗುಂಡು ಹಾರುವುದು ಒಂದೋ ಎರಡೋ ಸಾಲಿನಲ್ಲಿ. ಮಿಕ್ಕ ಪುಟಗಳೆಲ್ಲ ಹೆಜ್ಜೆ ಗುರುತು, ಮುರಿದ ಕಡ್ಡಿ, ಎಚ್ಚರಿಕೆ ಕೊಡುವ ಮಂಗ, ಮರದ ಮೇಲಿನ ರಾತ್ರಿ. ಬಯಲಿನ ಆಟಕ್ಕೆ ಬೇಕಾದ ತಾಳ್ಮೆಯನ್ನು ನಾವು ಅರ್ಧ ಆ ಪುಸ್ತಕಗಳಿಂದಲೇ ಕಲಿತೆವು ಅಂತ ನಾನು ನಂಬಿದ್ದೇನೆ. ಕೋವಿ ಎತ್ತುವ ಮುಂಚೆ ಸುತ್ತಲಿನದನ್ನು ಓದಬೇಕು ಅನ್ನುವುದು ಎರಡರಲ್ಲೂ ಒಂದೇ.

ಚೀಟ್ ಕೋಡ್‌ಗಳೂ ಬಂದವು. ಶಾಲೆಯಲ್ಲಿ ಯಾರೋ ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. ಹಾಕಿದರೆ ಜೋನ್ಸ್ ಸಾಯುವುದಿಲ್ಲ. ಅಣ್ಣ ಒಂದು ಮಧ್ಯಾಹ್ನ ಹಾಗೆ ಆಡಿದ. ಗೇಟಿನ ಮುಂದೆ ನೆಟ್ಟಗೆ ನಡೆದುಹೋದ, ಎಲ್ಲರನ್ನೂ ಹೊಡೆದ. ಯಾರೂ ‘ಬಲಗಡೆ ನೋಡು’ ಅನ್ನಲಿಲ್ಲ, ಬೆಟ್ಟದ ಕಡೆ ಯಾರೂ ತಿರುಗಲಿಲ್ಲ. ಸಾವಿಲ್ಲದ ಮೇಲೆ ಅಷ್ಟು ದೊಡ್ಡ ಭೂಮಿ ಬರೀ ಬಣ್ಣ ಬಳಿದ ಪರದೆಯಾಗಿಬಿಟ್ಟಿತ್ತು. ತಮ್ಮ ಎದ್ದು ಕ್ರಿಕೆಟ್ ಆಡಲು ಹೋದ.

ಐಜಿಐನಲ್ಲಿ ಕೊರತೆ ಇಲ್ಲ ಅಂತಲ್ಲ. ಕಾವಲುಗಾರರ ಬುದ್ಧಿ ಮಂದ. ಸೈರನ್ ಕೂಗಿದಾಗ ಖಾಲಿ ಇದ್ದ ಬ್ಯಾರಕ್ಕಿನಿಂದ ಹೊಸ ಸೈನಿಕರು ಹುಟ್ಟಿ ಬರುವುದು ಅನ್ಯಾಯವೇ. ಎಚ್ಚರಿಕೆಯಿಂದ ನೋಡಿದವನಿಗೆ ಆಟ ಮಾಡುವ ಮೋಸ ಅದು. 2004ರ ‘ಫಾರ್ ಕ್ರೈ’ ಈ ವಿಷಯದಲ್ಲಿ ಬಹಳ ಮುಂದೆ ಹೋಯಿತು. ಜರ್ಮನಿಯ ಕ್ರೈಟೆಕ್‌ನವರ ಆ ದ್ವೀಪದಲ್ಲಿ ಒಂದು ಕಿಲೋಮೀಟರಿಗೂ ಆಚೆಯದು ಕಾಣುತ್ತಿತ್ತು. ಸೈನಿಕರು ನಿಮ್ಮನ್ನು ಕಂಡರೆ ಬದಿಯಿಂದ ಸುತ್ತಿ ಬರುತ್ತಿದ್ದರು, ನೀವು ಹುಲ್ಲಿನಲ್ಲಿ ಮಲಗಿ ಕಲ್ಲು ಎಸೆದು ಅವರ ಗಮನ ಬೇರೆಡೆ ಸೆಳೆಯಬಹುದಿತ್ತು. ಅಲ್ಲೂ ಬೇಕಾದಲ್ಲಿ ಸೇವ್ ಇರಲಿಲ್ಲ, ಆಟವೇ ಗೊತ್ತುಮಾಡಿದ ಜಾಗಗಳಲ್ಲಿ ಮಾತ್ರ. ಆದರೆ ಅದರ ಬೈನಾಕ್ಯುಲರಿನಲ್ಲಿ ಒಮ್ಮೆ ನೋಡಿದ ಶತ್ರು ರೇಡಾರಿನಲ್ಲಿ ಚುಕ್ಕಿಯಾಗಿ ಉಳಿಯುತ್ತಿದ್ದ. ಆಮೇಲೆ ಬಂದ ಎಷ್ಟೋ ಆಟಗಳು ಅದನ್ನೇ ಹಿಡಿದುಕೊಂಡವು. ನೆನಪಿಟ್ಟುಕೊಳ್ಳುವ ಕೆಲಸವನ್ನು ಯಂತ್ರಕ್ಕೆ ಕೊಟ್ಟ ಆ ಸೌಕರ್ಯ ನನಗೆ ಇವತ್ತಿಗೂ ಇಷ್ಟವಿಲ್ಲ. ಅವನು ಎಲ್ಲಿ ಹೋದ ಅಂತ ನೆನಪಿಡುವುದು, ಮರೆತರೆ ಸಾಯುವುದು, ಇದರಲ್ಲೇ ಬಯಲಿನ ರುಚಿ ಇರುವುದು.

ಕಳೆದ ದೀಪಾವಳಿಗೆ ಅಣ್ಣನ ಮಗ ಹಳೇ ಐಜಿಐಯನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡು ಕೂತಿದ್ದ. ಎರಡು ಸಲ ಸತ್ತ ಮೇಲೆ, ‘ಚಿಕ್ಕಪ್ಪ, ಸೇವ್ ಎಲ್ಲಿದೆ?’ ಅಂದ. ಇಲ್ಲ ಅಂದೆ. ನಂಬದೆ ಮೆನು ಎಲ್ಲ ಹುಡುಕಿದ. ಆಮೇಲೆ ಸುಮ್ಮನೆ ಬೆಟ್ಟದ ಬುಡದಲ್ಲೇ ನಿಂತು ಬೈನಾಕ್ಯುಲರ್ ತೆಗೆದ. ಅಷ್ಟರಲ್ಲಿ ಅಣ್ಣನೂ ಕುರ್ಚಿ ಎಳೆದುಕೊಂಡು ಬಂದ. ಗೇಟಿನಿಂದಲೇ ನುಗ್ಗು, ಮೊದಲು ಟವರಿನವನನ್ನು ಹೊಡಿ ಅನ್ನುವುದು ಅವನ ವಾದ. ಬೇಲಿ ಬಳಸಿ ಹಿಂದಿನಿಂದ ಹೋಗಿ ಕ್ಯಾಮೆರಾ ಆರಿಸಿಕೋ ಅನ್ನುವುದು ನನ್ನದು. ಹುಡುಗ ನನ್ನ ದಾರಿ ಹಿಡಿದ. ಊಟಕ್ಕೆ ಏಳಿ ಅಂತ ಅತ್ತಿಗೆ ಕರೆದರೂ ಮೂವರೂ ಏಳಲಿಲ್ಲ. ಅವನಿನ್ನೂ ಬೇಲಿಯ ಹಿಂಬದಿಯಲ್ಲಿದ್ದ, ಎಡಗಡೆ ಟವರಿನಲ್ಲಿ ಯಾರೋ ಇದ್ದ ಹಾಗಿತ್ತು.