ಕಾಲು ನೆಲಕ್ಕೆ ಎಟುಕುತ್ತಾ?

ಬೈಕು ಕೊಳ್ಳಲು ಹೊರಟ ಗಿಡ್ಡ ಹೆಂಗಸಿಗೆ ಎದುರಾಗುವ ಮೊದಲ ಪ್ರಶ್ನೆ ಮೈಲೇಜಿನದ್ದಲ್ಲ, ಬೆಲೆಯದ್ದೂ ಅಲ್ಲ. ‘ಕಾಲು ನೆಲಕ್ಕೆ ಎಟುಕುತ್ತಾ ಮೇಡಂ?’ ಶೋರೂಮಿನ ಹುಡುಗ ಕೇಳುತ್ತಾನೆ, ಚಿಕ್ಕಪ್ಪ ಕೇಳುತ್ತಾರೆ, ಪೆಟ್ರೋಲ್ ಬಂಕಿನಲ್ಲಿ ಗುರುತು ಪರಿಚಯ ಇಲ್ಲದವರೂ ಕೇಳುತ್ತಾರೆ. ಕೆಲವರು ಬಾಯಿ ಬಿಟ್ಟು ಕೇಳುವುದಿಲ್ಲ, ಸುಮ್ಮನೆ ನನ್ನ ಚಪ್ಪಲಿಯ ಕಡೆ ನೋಡುತ್ತಾರೆ. ಇನ್ನು ಕೆಲವರು ‘ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು’ ಎಂದು ನಕ್ಕು, ಪಕ್ಕದಲ್ಲಿರುವ ಸ್ಕೂಟರಿನತ್ತ ಕೈ ತೋರಿಸುತ್ತಾರೆ. ನನ್ನ ಎತ್ತರ 155 ಸೆಂಟಿಮೀಟರ್, ತೂಕ 48 ಕಿಲೊ. ಬೇಕಾಗಿದ್ದದ್ದು ಕೆಸರು, ಕಲ್ಲು, ಹಳ್ಳ ಎಲ್ಲದರಲ್ಲೂ ಹೋಗುವ ಡರ್ಟ್ ಬೈಕ್.

ಹುಚ್ಚಿಗೆ ಕೇಳಿದ್ದಲ್ಲ. ನಮ್ಮ ಮನೆ ಇರುವುದು ಕೊಪ್ಪದ ಆಚೆ, ಟಾರು ರಸ್ತೆ ಮುಗಿದ ಮೇಲೆ ಮೂರು ಕಿಲೊಮೀಟರ್ ಒಳಗೆ. ಅಪ್ಪ ಹೋದ ಮೇಲೆ ಅಮ್ಮ ಅಲ್ಲಿ ಒಬ್ಬಳೇ. ಬೆಂಗಳೂರಿಗೆ ಬಾ ಎಂದರೆ ಬರುವವಳಲ್ಲ. ಅಡಿಕೆ ತೋಟ, ಎರಡು ದನ, ಒಂದು ನಾಯಿ ಬಿಟ್ಟು ಬರುವುದಾದರೂ ಹೇಗೆ? ಬೇಸಿಗೆಯಲ್ಲಿ ಆ ಮೂರು ಕಿಲೊಮೀಟರ್ ಧೂಳು. ಜೂನ್ ಬಂತೆಂದರೆ ಕೆಂಪು ಗಂಜಿ. ಜೀಪಿನ ಚಕ್ರ ಕೊರೆದ ಎರಡು ಕಾಲುವೆ, ನಡುವೆ ಹುಲ್ಲಿನ ದಿಬ್ಬ, ಒಂದು ಕಡೆ ಹಳ್ಳ ರಸ್ತೆಯ ಮೇಲೇ ಹರಿಯುತ್ತದೆ. ನನ್ನ ಸ್ಕೂಟರು ಟಾರು ಮುಗಿದಲ್ಲೇ ಒಂದು ಅಂಗಡಿಯ ಮಾಡಿನ ಕೆಳಗೆ ನಿಲ್ಲುತ್ತಿತ್ತು. ಅಲ್ಲಿಂದ ಮುಂದೆ ಜೀಪಿಗೆ ಕಾಯಬೇಕು. ಜೀಪಿನವರು ಒಳ್ಳೆಯವರೇ, ದುಡ್ಡು ಬೇಡವೆಂದೂ ಹೇಳಿದ್ದಿದೆ. ಆದರೆ ಜೀಪು ಸಿಕ್ಕಾಗ ಹೋಗುವುದು ಬೇರೆ, ಹೋಗಬೇಕೆನಿಸಿದಾಗ ಹೋಗುವುದು ಬೇರೆ. ಅಮ್ಮನಿಗೆ ಜ್ವರ ಬಂದ ರಾತ್ರಿ ಈ ಎರಡರ ನಡುವಿನ ಅಂತರ ಮೂರು ಕಿಲೊಮೀಟರಿಗಿಂತ ಬಹಳ ದೊಡ್ಡದು.

ಡರ್ಟ್ ಬೈಕುಗಳು ಎತ್ತರವಾಗಿರುವುದು ಸೊಕ್ಕಿನಿಂದಲ್ಲ. ಕಲ್ಲಿಗೆ, ಮರದ ಬೇರಿಗೆ ಇಂಜಿನ್ನಿನ ಹೊಟ್ಟೆ ತಾಗಬಾರದು. ಗುಂಡಿಗೆ ಬಿದ್ದಾಗ ಚಕ್ರ ಮೇಲೆದ್ದು ಇಳಿಯಲು ಒಂದು ಗೇಣಿನಷ್ಟು ಜಾಗ ಬೇಕು. ಈ ಎರಡನ್ನೂ ಕೂಡಿಸಿದರೆ ಸೀಟು ತಾನಾಗಿ ಮೇಲೆ ಹೋಗುತ್ತದೆ. ಸ್ಪರ್ಧೆಗೆಂದೇ ಮಾಡಿದ ದೊಡ್ಡ ಬೈಕುಗಳಲ್ಲಿ ಸೀಟಿನ ಎತ್ತರ ಸುಮಾರು 95 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ನನ್ನ ಹೊಕ್ಕುಳಿನ ಹತ್ತಿರ. ಹೊರದೇಶಗಳಲ್ಲಿ ಚಿಕ್ಕ ಮೈಯವರಿಗೆ, ಹದಿಹರೆಯದವರಿಗೆ ಯಮಾಹಾ ಟಿಟಿ-ಆರ್ 125ರಂಥ ಬೈಕುಗಳಿವೆ. ಅದರ ದೊಡ್ಡ ಚಕ್ರದ ಮಾದರಿಯಲ್ಲೂ ಸೀಟು 80 ಸೆಂಟಿಮೀಟರಿನ ಆಸುಪಾಸು, ತೂಕ ಸುಮಾರು 90 ಕಿಲೊ. ಆದರೆ ಅಂಥವು ಟ್ರ್ಯಾಕಿಗಾಗಿ ಮಾಡಿದವು. ನಮ್ಮಲ್ಲಿ ಅವಕ್ಕೆ ನಂಬರ್ ಪ್ಲೇಟ್ ಸಿಗುವುದಿಲ್ಲ, ಪಿಕಪ್ಪಿನಲ್ಲಿ ಹೇರಿಕೊಂಡು ಹೋಗಿ ಓಡಿಸಿ ವಾಪಸು ತರಬೇಕು. ನನ್ನ ಮೂರು ಕಿಲೊಮೀಟರ್ ಕೆಸರಿಗೆ ಮುಂಚೆ ಟಾರು ರಸ್ತೆಯೂ ಇದೆಯಲ್ಲ. ಹಾಗಾಗಿ ನನಗೆ ಉಳಿದದ್ದು ರಸ್ತೆಗೂ ಕಾಡಿಗೂ ಸಲ್ಲುವ ಎರಡು ದೋಣಿಯ ಬೈಕುಗಳು.

ಅವನ್ನು ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿದೆ. 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411: ಸೀಟು 800 ಮಿಲಿಮೀಟರ್, ಆಮೇಲಿನ ಮಾದರಿಯ ತೂಕ 199 ಕಿಲೊ. 2019ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್ 200: ಸೀಟು 823, ತೂಕ ಸುಮಾರು 154. 2024ರ ಕೊನೆಗೆ ಬಂದ ಕವಾಸಾಕಿ ಕೆಎಲ್‌ಎಕ್ಸ್ 230: ಸೀಟು 880, ತೂಕ ಸುಮಾರು 140. ಒಂದರ ಕೆಳಗೊಂದು ಬರೆದಾಗ ಕಣ್ಣಿಗೆ ಹೊಡೆಯಿತು: ಸೀಟು ಇಳಿದಂತೆ ತೂಕ ಏರುತ್ತಿದೆ. ಕೇಳಿದವರೆಲ್ಲ ಮೊದಲ ಸಾಲಿನ ಮೇಲೆ ಬೆರಳಿಟ್ಟರು. ‘ನಿಮಗೆ ಹಿಮಾಲಯನ್ನೇ ಸರಿ, ಸೀಟು ಕೆಳಗಿದೆ.’ ತೂಕದ ಮಾತನ್ನು ಒಬ್ಬರೂ ಎತ್ತಲಿಲ್ಲ.

ತೂಕದ ಮಾತು ಎತ್ತಿದ್ದು ಬೆಂಗಳೂರಿನ ಹೊರಗೆ ಮಣ್ಣಿನ ಟ್ರ್ಯಾಕೊಂದರಲ್ಲಿ ಎರಡು ದಿನ ಕಲಿಸಿದ ಹುಡುಗಿ. ಬೈಕು ಹತ್ತಿಸುವ ಮುಂಚೆಯೇ ಅವಳು ನನ್ನ ಎದುರು ಒಂದು ಚಿಕ್ಕ ಬೈಕನ್ನು ಮೆಲ್ಲಗೆ ನೆಲಕ್ಕೆ ಮಲಗಿಸಿದಳು. ‘ಎಬ್ಬಿಸಿ’ ಎಂದಳು. ಎಬ್ಬಿಸುವುದಕ್ಕೂ ಒಂದು ಪಟ್ಟಿದೆ. ಮೊದಲು ಇಂಜಿನ್ ಆಫ್. ಬೈಕು ಉರುಳದಂತೆ ಗೇರಿನಲ್ಲಿರಬೇಕು. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡನ್ನು ಮೊದಲೇ ಬಿಚ್ಚಿಡಬೇಕು, ಇಲ್ಲದಿದ್ದರೆ ಎಬ್ಬಿಸಿದ್ದು ಆಚೆ ಮಗ್ಗುಲಿಗೆ ಬಿದ್ದೀತು. ಬೈಕಿಗೆ ಬೆನ್ನು ಕೊಟ್ಟು, ಸೊಂಟವನ್ನು ಸೀಟಿನ ಅಂಚಿಗೆ ಒತ್ತಿ ಕುಕ್ಕರಿಸಬೇಕು. ಒಂದು ಕೈ ಹ್ಯಾಂಡಲಿನಲ್ಲಿ, ಇನ್ನೊಂದು ಹಿಂದಿನ ಹಿಡಿಯಲ್ಲಿ. ಬೆನ್ನು ನೆಟ್ಟಗಿಟ್ಟು ತೊಡೆಯ ಬಲದಿಂದ ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕೆ ಇಡುತ್ತ ಹೋದರೆ ಬೈಕು ಏಳುತ್ತದೆ. ಪೂರ್ತಿ ತೂಕವನ್ನು ಎತ್ತಬೇಕಾಗಿಲ್ಲ, ಒಂದು ಭಾಗ ಚಕ್ರಗಳ ಮೇಲೇ ನಿಂತಿರುತ್ತದೆ. ಆದರೆ ಇಳಿಜಾರಿನ ಕೆಳಮಗ್ಗುಲಿಗೆ ಬಿದ್ದ ಬೈಕು ತನ್ನ ತೂಕಕ್ಕಿಂತ ಭಾರ.

90 ಕಿಲೊದ ಬೈಕನ್ನು ಆ ಬೆಳಿಗ್ಗೆ ಹತ್ತು ಸಲ ಎಬ್ಬಿಸಿದೆ. ಎಕ್ಸ್‌ಪಲ್ಸನ್ನು ಮಧ್ಯಾಹ್ನ ಮೂರು ಸಲ ಎಬ್ಬಿಸಿದೆ, ಮೂರನೆಯ ಸಲಕ್ಕೆ ತೊಡೆ ನಡುಗುತ್ತಿತ್ತು. ಗೆಳತಿಯೊಬ್ಬಳ ಹಿಮಾಲಯನ್ ಕೂಡ ಅಲ್ಲಿತ್ತು; ಸಮತಟ್ಟು ನೆಲದಲ್ಲಿ ಒಂದು ಸಲ ಎದ್ದಿತು, ಸಣ್ಣ ಇಳಿಜಾರಿನಲ್ಲಿ ಅಲುಗಲೇ ಇಲ್ಲ. ಗೆಳತಿ ಅದರಲ್ಲಿ ಲಡಾಖಿಗೆ ಹೋಗಿ ಬಂದವಳು, ಅವಳಿಗೆ ಅದು ಬಂಗಾರದಂಥ ಗಾಡಿ. ಅವಳು ನನಗಿಂತ ಅರ್ಧ ಅಡಿ ಎತ್ತರ, 20 ಕಿಲೊ ಹೆಚ್ಚು.

ಅಲ್ಲಿಗೆ ನನ್ನ ಪ್ರಶ್ನೆ ಬದಲಾಯಿತು. ಕಾಲು ನೆಲಕ್ಕೆ ಬೇಕಾಗುವುದು ಬೈಕು ನಿಂತಾಗ. ಓಡುವಾಗ, ಅದರಲ್ಲೂ ಕಚ್ಚಾ ದಾರಿಯಲ್ಲಿ, ಕಾಲಿರಬೇಕಾದದ್ದು ಪೆಗ್ಗಿನ ಮೇಲೆ. ಮಂಡಿಯಿಂದ ಟ್ಯಾಂಕನ್ನು ಹಿಡಿದು ಎದ್ದು ನಿಂತೇ ಸವಾರಿ. ಆದರೆ ಕೆಸರಿನಲ್ಲಿ ಬೈಕು ಬೀಳುತ್ತದೆ, ಎಲ್ಲರದ್ದೂ ಬೀಳುತ್ತದೆ. ಬಿದ್ದದ್ದನ್ನು ಒಬ್ಬಳೇ ಎಬ್ಬಿಸಲಾರೆನಾದರೆ ನಾನು ಇನ್ನೊಬ್ಬರು ಜೊತೆಗಿರುವಾಗ ಮಾತ್ರ ಹೋಗಬಲ್ಲೆ. ಹಾಗಾದರೆ ಜೀಪಿಗೆ ಕಾಯುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಕಾಲಿನ ಪ್ರಶ್ನೆಯನ್ನು ಹಾಗೆಂದು ಕಸದ ಬುಟ್ಟಿಗೆ ಹಾಕುವಂತಿಲ್ಲ. 880 ಮಿಲಿಮೀಟರಿನ ಕೆಎಲ್‌ಎಕ್ಸ್ ಮೂರರಲ್ಲೇ ಹಗುರ, ಆದರೆ ಅದರ ಮೇಲೆ ಕೂತರೆ ನನ್ನ ಹೆಬ್ಬೆರಳಿಗೂ ನೆಲಕ್ಕೂ ನಡುವೆ ಗಾಳಿಯಾಡುತ್ತಿತ್ತು. ಅಳೆಯುವ ವಿಧಾನವನ್ನೂ ಆ ಹುಡುಗಿಯೇ ಹೇಳಿಕೊಟ್ಟಳು. ಗೋಡೆಗೆ ಬೆನ್ನು ಕೊಟ್ಟು ಬರಿಗಾಲಲ್ಲಿ ನಿಂತು, ದಪ್ಪ ರಟ್ಟಿನ ಪುಸ್ತಕವೊಂದನ್ನು ತೊಡೆಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದು, ಅದರ ಅಂಚಿನಿಂದ ನೆಲದವರೆಗೆ ಅಳೆಯಬೇಕು. ನನ್ನದು 71 ಸೆಂಟಿಮೀಟರ್ ಬಂತು. 71ಕ್ಕೂ 82ಕ್ಕೂ 11ರ ಅಂತರ. ದಪ್ಪ ಅಟ್ಟೆಯ ಬೂಟು ಎರಡು ಸೆಂಟಿಮೀಟರ್ ಕೊಡುತ್ತದೆ. ಕೂತಾಗ ಸ್ಪ್ರಿಂಗ್ ಕುಗ್ಗಿ ಎರಡು ಮೂರು ಕೊಡುತ್ತದೆ. ಉಳಿದದ್ದನ್ನು ಸೊಂಟ ಕೊಡಬೇಕು: ನಿಲ್ಲುವ ಮುಂಚೆ ಸೀಟಿನ ಒಂದು ಅಂಚಿಗೆ ಜಾರಿ, ಎರಡು ಕಾಲಿನ ಆಸೆ ಬಿಟ್ಟು, ಒಂದೇ ಕಾಲನ್ನು ಊರುವುದು. ಎರಡು ಕಾಲಿನ ತುದಿಬೆರಳಿಗಿಂತ ಒಂದು ಕಾಲಿನ ಗಟ್ಟಿ ಮುಂಗಾಲು ಎಷ್ಟೋ ಮೇಲು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಡರ್ಟ್ ಬೈಕಿನ ಮಟ್ಟಿಗೆ ನೆಲ ನಿಜವಾಗಿಯೂ ಡೊಂಕು. ಆರಡಿಯ ಗಂಡಸು ಗುಂಡಿಯ ಪಕ್ಕ ನಿಲ್ಲಿಸಿದರೆ ಅವನ ಕಾಲೂ ಗಾಳಿಯಲ್ಲೇ. ನಾನು ದಿಬ್ಬದ ಪಕ್ಕ ನಿಲ್ಲಿಸಿದರೆ ದಿಬ್ಬವೇ ನನಗೆ ಮಣೆ. ಗಿಡ್ಡ ಸವಾರಳು ಎಲ್ಲಿ ಹೋಗಬೇಕೆಂದು ನೋಡುವಷ್ಟೇ ಎಲ್ಲಿ ನಿಲ್ಲಬೇಕೆಂದೂ ಮೊದಲೇ ನೋಡಿಡುತ್ತಾಳೆ. ಊರಿನ ಆ ಮೂರು ಕಿಲೊಮೀಟರಿನಲ್ಲಿ ನನಗೆ ಈಗ ಎಂಟು ನಿಲ್ದಾಣಗಳಿವೆ: ಒಂದು ಹಲಸಿನ ಬೇರು, ಒಂದು ಮುರಿದ ಮೋರಿಯ ಕಟ್ಟೆ, ಮೂರು ದಿಬ್ಬ, ಹೀಗೆ. ಜೀಪಿನಲ್ಲಿ ಓಡಾಡುವವರಿಗೆ ಅವು ಕಂಡೇ ಇಲ್ಲ.

ಕೊನೆಗೆ ಕೊಂಡದ್ದು ಒಂದು ಕೈ ಬದಲಾದ ಎಕ್ಸ್‌ಪಲ್ಸ್. ಕೊಂಡ ಮೇಲೂ ಆಯ್ಕೆ ಮುಗಿಯಲಿಲ್ಲ. ಬೈಕಿನ ಸ್ಪ್ರಿಂಗನ್ನು ಕಾರ್ಖಾನೆಯಲ್ಲಿ ಕೂರಿಸುವಾಗ ನನಗಿಂತ ಭಾರದ ಸವಾರನೊಬ್ಬ, ಅವನ ಹಿಂದೆ ಇನ್ನೊಬ್ಬರು ಕೂರುವುದು ಲೆಕ್ಕದಲ್ಲಿರುತ್ತದೆ. ಭಾರದವನು ಕೂತರೆ ಸೀಟು ಒಳ್ಳೆಯ ಮಾತಿಗೆ ತಗ್ಗುತ್ತದೆ. ನಾನು ಕೂತರೆ ಬಗ್ಗುವುದೇ ಇಲ್ಲ. ಅಂದರೆ ಅದೇ ಬೈಕು ಅವನಿಗಿಂತ ನನಗೆ ಹೆಚ್ಚು ಎತ್ತರ! ಕೊಪ್ಪದ ಮೆಕ್ಯಾನಿಕ್ ಹಿಂದಿನ ಸ್ಪ್ರಿಂಗಿನ ಬಿಗಿಯನ್ನು ಸಡಿಲಿಸಿದರು, ಸೀಟು ಬೆರಳಗಲ ಇಳಿಯಿತು. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಸೀಟು ಹೊಲಿಯುವವರೊಬ್ಬರು ಮುಂಭಾಗದ ಎರಡೂ ಅಂಚಿನ ಫೋಮನ್ನು ಕೆತ್ತಿದರು. ಸೀಟು ಎಷ್ಟು ಎತ್ತರ ಎಂಬುದರಷ್ಟೇ ಮುಖ್ಯ ಅದು ಎಷ್ಟು ಅಗಲ ಎಂಬುದು. ಅಗಲದ ಸೀಟು ತೊಡೆಗಳನ್ನು ಆಚೀಚೆ ತಳ್ಳಿ ಕಾಲಿನ ಉದ್ದವನ್ನು ಕದಿಯುತ್ತದೆ. ಕ್ಲಚ್ಚು ಬ್ರೇಕಿನ ಲಿವರುಗಳನ್ನು ನನ್ನ ಗಿಡ್ಡ ಬೆರಳಿಗೆ ಹತ್ತಿರ ತರಿಸಿದೆ. ಇದಕ್ಕೆಲ್ಲ ಆದ ಖರ್ಚು ಒಂದು ಒಳ್ಳೆಯ ಹೆಲ್ಮೆಟ್ಟಿನ ಬೆಲೆಗಿಂತ ಕಡಿಮೆ.

ಲಿಂಕ್ ಬದಲಿಸಿ ಇಡೀ ಬೈಕನ್ನೇ ತಗ್ಗಿಸಿಬಿಡಿ ಎಂಬ ಸಲಹೆಯೂ ಬಂತು. ಬೇಡವೆಂದೆ. ಹಾಗೆ ಮಾಡಿದರೆ ಇಂಜಿನ್ನಿನ ಹೊಟ್ಟೆಯೂ ಅಷ್ಟೇ ಕೆಳಗಿಳಿಯುತ್ತದೆ, ತಿರುವಿನಲ್ಲಿ ಬೈಕಿನ ನಡತೆ ಬದಲಾಗುತ್ತದೆ, ಸೈಡ್ ಸ್ಟ್ಯಾಂಡ್ ಉದ್ದವಾಗಿ ಬೈಕು ನೆಟ್ಟಗೆ ನಿಂತು ಆಚೆಗೆ ಉರುಳುವ ಭಯ. ಯಾವ ಕಲ್ಲಿಗೆ ಹೆದರಿ ಎತ್ತರದ ಬೈಕು ತಂದೆನೋ ಆ ಕಲ್ಲಿಗೇ ಅದನ್ನು ತಾಗಿಸುವುದು ಯಾವ ಜಾಣತನ?

ಬೂಟಿನದ್ದೇ ದೊಡ್ಡ ತಲೆನೋವಾಯಿತು. ಕೇಳಿದ ಅಂಗಡಿಗಳಲ್ಲಿ ನನ್ನ ಅಳತೆ ಇದ್ದದ್ದು ಮಕ್ಕಳ ಸಾಲಿನಲ್ಲಿ. ಅಲ್ಲಿ ಇದ್ದದ್ದು ಹಸಿರು, ಕಿತ್ತಳೆ ಬಣ್ಣದವು. ಕಿತ್ತಳೆಯದ್ದನ್ನೇ ತಂದೆ. ಅಮ್ಮ ನೋಡಿ ‘ಗದ್ದೆಯಲ್ಲಿ ದೂರದಿಂದ ಗುರುತು ಸಿಗ್ತೀಯ, ಒಳ್ಳೇದೇ ಆಯ್ತು’ ಅಂದಳು.

ಚಿಕ್ಕ ಬೈಕು ಅಂದರೆ ಕಲಿಯುವವರದ್ದು, ದೊಡ್ಡದಕ್ಕೆ ಹತ್ತುವ ಮೆಟ್ಟಿಲು ಎಂಬ ಭಾವನೆ ನಮ್ಮಲ್ಲಿದೆ. ಆನ್-ಫ್ರಾನ್ಸ್ ದೊತ್‌ವಿಲ್ ಎಂಬ ಫ್ರೆಂಚ್ ಪತ್ರಕರ್ತೆ 1972ರಲ್ಲಿ ಪ್ಯಾರಿಸಿನಿಂದ ಇರಾನಿನ ಇಸ್ಫಹಾನಿನವರೆಗಿನ ಗುಂಪು ಯಾತ್ರೆಗೆ ಹೋದದ್ದು 750 ಸಿಸಿಯ ಮೋಟೋ ಗುಝಿಯಲ್ಲಿ. ಮರುವರ್ಷ ಒಬ್ಬಳೇ ಜಗತ್ತು ಸುತ್ತಲು ಹೊರಟಾಗ ಅವಳು ಹತ್ತಿದ್ದು ಪುಟ್ಟದೊಂದು ಕವಾಸಾಕಿಯನ್ನು. ಇನ್ನು ನಮ್ಮ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಮರುಭೂಮಿ, ಕಲ್ಲುದಾರಿಗಳ ಬಾಹಾ ರ‍್ಯಾಲಿಗಳಲ್ಲಿ ಮಹಿಳೆಯರ ವಿಭಾಗದ ವಿಶ್ವಕಪ್ ಗೆದ್ದರು. ಅವರು ಓಡಿಸುವ ಎತ್ತರದ ರ‍್ಯಾಲಿ ಬೈಕು ಅವರ ಕೆಲಸಕ್ಕೆ ಸರಿ. ನನ್ನ ಕೆಲಸ ಬೇರೆ: ಅಮ್ಮನ ಮಾತ್ರೆ, ದನದ ಹಿಂಡಿ, ಮೂರು ಕಿಲೊಮೀಟರ್.

ಕಳೆದ ಜುಲೈನಲ್ಲಿ ಹಳ್ಳದ ದಡದಲ್ಲಿ ಬಿದ್ದೆ. ಜಡಿಮಳೆ, ಸಂಜೆ ಆರೂವರೆ, ಫೋನಿಗೆ ಸಿಗ್ನಲ್ ಇಲ್ಲದ ಜಾಗ. ಇಂಜಿನ್ ಆಫ್ ಮಾಡಿದೆ. ಹಿಂಡಿಯ ಚೀಲ ಬಿಚ್ಚಿ ಪಕ್ಕಕ್ಕಿಟ್ಟೆ. ಬೆನ್ನು ಕೊಟ್ಟೆ. ಮೊದಲ ಸಲ ಕಾಲು ಜಾರಿತು. ಎರಡನೆಯ ಸಲ ಹಿಮ್ಮಡಿಗೆ ಒಂದು ಕಲ್ಲು ಸಿಕ್ಕಿತು, ಎದ್ದಿತು. ಕಾಲಿಗೆ ಹತ್ತಿದ ಉಂಬಳ ಕಿತ್ತು ಹಾಕಿ, ಚೀಲ ಕಟ್ಟಿ, ಹೊರಟೆ. ಮನೆ ಮುಟ್ಟಿದಾಗ ಅಮ್ಮ ‘ಯಾಕೆ ತಡ’ ಎಂದು ಕೇಳಿದಳು, ಮಳೆ ಅಂದೆ.

ಈಚೆಗೆ ಕೆಲವು ಹುಡುಗಿಯರು ನನ್ನನ್ನು ಕೇಳುತ್ತಾರೆ, ‘ಅಕ್ಕಾ, ನಾನೂ ಗಿಡ್ಡ, ಯಾವ ಬೈಕು ತಗೊಳ್ಳಲಿ?’ ಹೆಸರು ಹೇಳುವುದಿಲ್ಲ, ಅವರ ದಾರಿ ಯಾವುದೋ ನನಗೇನು ಗೊತ್ತು. ಯಾವ ದಾರಿ, ಎಷ್ಟು ದೂರ, ಜೊತೆಗೆ ಯಾರಿರುತ್ತಾರೆ ಎಂದು ಕೇಳುತ್ತೇನೆ. ಕಾಲಿನ ಒಳಅಳತೆ ಬರೆದುಕೊಂಡು ಹೋಗು, ಬೂಟು ಹಾಕಿಕೊಂಡೇ ಕೂತು ನೋಡು, ಸೀಟಿನ ಅಗಲ ನೋಡು ಎನ್ನುತ್ತೇನೆ. ಆಮೇಲೆ ಅದೇ ಬೈಕು ಇರುವ ಗೆಳೆಯರನ್ನೋ ಕಲಿಸುವವರನ್ನೋ ಹುಡುಕಿ, ಅದನ್ನು ಹುಲ್ಲಿನ ಮೇಲೆ ಮಲಗಿಸಲು ಹೇಳು. ಯಾರಾದರೂ ಸಹಾಯಕ್ಕೆ ಬಂದರೆ ದೂರ ನಿಲ್ಲಿ ಅನ್ನು. ಎಬ್ಬಿಸಿ ನೋಡು. ಎದ್ದರೆ ಬೆಲೆ ಮಾತಾಡು.