ಅರ್ಜಿಯೆಂಬ ಮೊದಲ ಪಾಠ

ಯಂತ್ರ, ಶ್ರಮ, ಹಣ, ಕಾಲ ಇವುಗಳನ್ನು ಹೊಂದಿಸಿ ಕಾರ್ಖಾನೆಯನ್ನು ನಡೆಸುವ ವಿದ್ಯೆಯೇ ಕೈಗಾರಿಕಾ ನಿರ್ವಹಣೆ. ಅದರ ಪದವಿಗಾಗಿ ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಅರ್ಜಿ ಸಲ್ಲಿಸಬೇಕೆಂದು ನನ್ನ ತಂಗಿಯ ಮಗಳು ಹಂಬಲಿಸಿದಳು. ಅಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಶುಲ್ಕವಿಲ್ಲವೆಂದರೆ ವೆಚ್ಚವಿಲ್ಲವೆಂದು ಅರ್ಥವಲ್ಲ. ವೀಸಾ ದೊರೆಯಲು ಒಂದು ವರ್ಷದ ಜೀವನವೆಚ್ಚವನ್ನು ಮುಂಗಡವಾಗಿ ತೋರಿಸಬೇಕು. 2025ರಲ್ಲಿ ಅದು 11,904 ಯೂರೋ. ಬೋಧನೆ ಬಹುಮಟ್ಟಿಗೆ ಜರ್ಮನ್ ಭಾಷೆಯಲ್ಲಿ. 2022ರ ನವೆಂಬರಿನಿಂದ ಭಾರತೀಯರ ಅಂಕಪಟ್ಟಿಗಳಿಗೆ ಪ್ರತ್ಯೇಕ ಪರಿಶೀಲನೆಯೂ ಉಂಟು.

ತಂಗಿ ಮನೆಯನ್ನೇ ಅಡವಿಡಲು ಸಿದ್ಧಳಾದಳು. ಹುಡುಗಿ ಮಾತ್ರ ಕಾಗದದ ಮೇಲೆ ಇರುವುದನ್ನೂ ಬೇಕಾದುದನ್ನೂ ಎದುರುಬದುರು ಬರೆದು ಬಹಳ ಹೊತ್ತು ನೋಡಿದಳು. “ಮಾವ, ಈ ವರ್ಷ ಬೇಡ. ಇಲ್ಲಿಯೇ ಇಂಜಿನಿಯರಿಂಗ್ ಓದುತ್ತ ಜರ್ಮನ್ ಕಲಿಯುತ್ತೇನೆ, ವಿದ್ಯಾರ್ಥಿವೇತನಕ್ಕೂ ಪ್ರಯತ್ನಿಸುತ್ತೇನೆ. ಅಮ್ಮನ ಮನೆ ಉಳಿಯಲಿ” ಎಂದಳು.

ಆಸೆಯನ್ನು ಬಿಡದೆ ಅದಕ್ಕೆ ತಕ್ಕ ಕಾಲವನ್ನು ಕಾಯುವುದೂ ನಿರ್ವಹಣೆಯೇ ಅಲ್ಲವೆ? ಆ ಪಾಠವನ್ನು ಅವಳು ಅರ್ಜಿ ಸಲ್ಲಿಸುವ ಮೊದಲೇ ಕಲಿತಿದ್ದಳು.